ಪಲ್ಲವಿ ಎಲ್ಲರಿಗೂ ಬಾಯಿಪಾಠ, ಚರಣ ಯಾರಿಗೂ ಬೇಡ: ಹಳೇ ಪ್ರತಿಭಟನಾ ಹಾಡುಗಳನ್ನು ಜನ ಕೇಳೋದು ಹೇಗೆ?

2020ರಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಕಾವೇರಿತ್ತು. ಡೊನಾಲ್ಡ್ ಟ್ರಂಪ್ ಅವರ ಪ್ರಚಾರ ಸಭೆಯಲ್ಲಿ ಒಂದು ಹಳೇ ರಾಕ್ ಹಾಡನ್ನು ಜೋರಾಗಿ ಹಾಕಿದರು. ಹಾಡಿನ ಹೆಸರು 'ಫಾರ್ಚುನೇಟ್ ಸನ್'. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ ಜಾನ್ ಫೋಗರ್ಟಿ 1969ರಲ್ಲಿ ಬರೆದದ್ದು. ವಿಯೆಟ್ನಾಂ ಯುದ್ಧಕ್ಕೆ ಬಡವರ ಮಕ್ಕಳು ಹೋಗುತ್ತಾರೆ, ಸೆನೆಟರ್ ಮಗ, ಕೋಟ್ಯಧೀಶನ ಮಗ ಆರಾಮಾಗಿ ಮನೆಯಲ್ಲೇ ಉಳಿಯುತ್ತಾರೆ ಅನ್ನೋ ಸಿಟ್ಟು ಅದರ ತುಂಬ ಇದೆ. ಟ್ರಂಪ್ ಅವರಿಗೆ ಆ ಯುದ್ಧದ ಕಾಲದಲ್ಲಿ ಸೇನಾ ಸೇವೆಯಿಂದ ಐದು ಸಲ ವಿನಾಯಿತಿ ಸಿಕ್ಕಿತ್ತು. ನಾಲ್ಕು ಸಲ ಕಾಲೇಜು ಓದಿನ ಹೆಸರಲ್ಲಿ, ಒಂದು ಸಲ ಹಿಮ್ಮಡಿ ಎಲುಬಿನ ತೊಂದರೆಗೆ. ಫೋಗರ್ಟಿಗೆ ತಲೆ ಕೆಟ್ಟುಹೋಯಿತು. ಅಕ್ಟೋಬರ್‌ನಲ್ಲಿ, ನನ್ನ ಹಾಡು ಹಾಕುವುದನ್ನು ನಿಲ್ಲಿಸಿ ಅಂತ ನೋಟಿಸ್ ಕಳಿಸಿದರು.

ಇಂಥದ್ದು ನಡೆದಾಗಲೆಲ್ಲ ಅದೇ ನಗು, ಅದೇ ಪ್ರಶ್ನೆ. "ಇವರು ಹಾಡಿನ ಸಾಹಿತ್ಯ ಕೇಳೇ ಇಲ್ವಾ?" ನಾನೂ ಹಾಗೇ ನಗುತ್ತಿದ್ದವನು. ಈಗ ಅಷ್ಟು ಸುಲಭವಾಗಿ ನಗು ಬರುವುದಿಲ್ಲ. ಯಾಕೆಂದರೆ ಆ ಹಾಡಿನ ಪಲ್ಲವಿಯಲ್ಲಿ ಕಿವಿಗೆ ಅಂಟಿಕೊಳ್ಳುವುದು ಏನು ನೋಡಿ. 'ಅದು ನಾನಲ್ಲ, ನಾನು ಆ ಅದೃಷ್ಟವಂತ ಮಗ ಅಲ್ಲ.' ಅಷ್ಟೇ. ಈ ಭೂಮಿಯ ಮೇಲೆ ತನ್ನನ್ನು ತಾನು ಅದೃಷ್ಟವಂತರ ಸಾಲಿನಲ್ಲಿ ಸೇರಿಸಿಕೊಳ್ಳುವ ಮನುಷ್ಯ ಎಲ್ಲಾದರೂ ಸಿಗುತ್ತಾನಾ? ಬಂಗಲೆಯಲ್ಲಿ ಕೂತವನಿಗೂ ತನಗಿಂತ ದೊಡ್ಡ ಬಂಗಲೆಯವನೇ ಅದೃಷ್ಟವಂತ. ಹಾಗಾಗಿ 'ನಾನಲ್ಲ, ನಾನಲ್ಲ' ಅಂತ ಕೂಗುವುದಕ್ಕೆ ಯಾರಿಗೂ ಏನೂ ಅಡ್ಡಿ ಬರುವುದಿಲ್ಲ. ಸೆನೆಟರ್ ಮಗ, ಕೋಟ್ಯಧೀಶನ ಮಗ ಪಲ್ಲವಿಯಲ್ಲೇ ಬಂದರೂ ಆ ಕೂಗಿನಲ್ಲಿ ಕರಗಿಹೋಗುತ್ತಾರೆ. ಬಾವುಟ ಬೀಸುವವರು, ಬೆಳ್ಳಿ ಚಮಚ ಹಿಡಿದು ಹುಟ್ಟಿದವರು ಎಲ್ಲ ಇರುವುದು ಚರಣದಲ್ಲಿ.

ನನ್ನ ವಾದ ಇಷ್ಟೇ. ಈ ಹಾಡುಗಳಲ್ಲಿ ಸಿಟ್ಟು ವಾಸ ಮಾಡುವುದು ಚರಣದಲ್ಲಿ, ಜನ ಬಂದು ಸೇರುವುದು ಪಲ್ಲವಿಯಲ್ಲಿ. ಕೇಳುಗರ ಪ್ರತಿಕ್ರಿಯೆಯಲ್ಲಿ ನಮಗೆ ವಿಚಿತ್ರ ಅನ್ನಿಸುವ ಎಷ್ಟೋ ಸಂಗತಿಗೆ ಮೂಲ ಇದೇ. ಜನ ದಡ್ಡರು ಅಂತಲ್ಲ. ಹಾಡು ಕಟ್ಟಿರುವ ರೀತಿಯೇ ಹಾಗಿದೆ.

ಇದಕ್ಕೆ ದೊಡ್ಡ ಉದಾಹರಣೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1984ರ 'ಬಾರ್ನ್ ಇನ್ ದ ಯುಎಸ್‌ಎ'. ಸ್ವಲ್ಪ ನಿಧಾನವಾಗಿ ಇದನ್ನು ಕೇಳೋಣ. ಮೊದಲು ಸಿಂಥಸೈಜರ್‌ನಲ್ಲಿ ಕಹಳೆಯಂಥ ಒಂದು ತುಣುಕು. ಅದರ ಜೊತೆಗೇ ಮ್ಯಾಕ್ಸ್ ವೈನ್‌ಬರ್ಗ್ ಅವರ ಡ್ರಮ್, ಬಾಗಿಲಿಗೆ ಗುದ್ದಿದ ಹಾಗೆ. ಮಾತು ಇನ್ನೂ ಶುರುವೇ ಆಗಿಲ್ಲ, ಆಗಲೇ ಮುಷ್ಟಿ ಮೇಲೆತ್ತುವ ಹಾಗಾಗುತ್ತದೆ. ಆಮೇಲೆ ಚರಣ ಬರುತ್ತದೆ. ಊರಲ್ಲಿ ಏನೋ ರಗಳೆ ಮಾಡಿಕೊಂಡ ಹುಡುಗನ ಕೈಗೆ ಬಂದೂಕು ಕೊಟ್ಟು ಪರದೇಶಕ್ಕೆ ಕಳಿಸುತ್ತಾರೆ. ವಾಪಸ್ ಬಂದರೆ ರಿಫೈನರಿಯಲ್ಲಿ ಕೆಲಸ ಇಲ್ಲ. ಮಾಜಿ ಸೈನಿಕರ ಕಚೇರಿಗೆ ಹೋದರೆ ಅಲ್ಲೂ ಬರಿಗೈ. ಅವನ ಅಣ್ಣನೋ ತಮ್ಮನೋ ವಿಯೆಟ್ನಾಂನ ಖೆ ಸಾನ್‌ನಲ್ಲಿ ಹೋರಾಡಿದ್ದ. ಎದುರಾಳಿಗಳು ಇವತ್ತಿಗೂ ಅಲ್ಲೇ ಇದ್ದಾರೆ, ಅವನು ಮಾತ್ರ ಇಲ್ಲ. ಸೈಗಾನ್‌ನಲ್ಲಿ ಅವನಿಗೊಬ್ಬಳು ಇದ್ದಳು, ಅವಳ ತೋಳಲ್ಲಿ ಅವನಿರುವ ಒಂದು ಫೋಟೋ ಉಳಿದಿದೆ. ಈ ಒಂದೊಂದು ಗಾಯ ಆದ ಮೇಲೂ ಮತ್ತೆ ಅದೇ ಪಲ್ಲವಿ. ನಾನು ಹುಟ್ಟಿದ್ದು ಇದೇ ದೇಶದಲ್ಲಿ. ಓದಿದರೆ ಅದು ಗೋಳು. 'ಇಲ್ಲೇ ಹುಟ್ಟಿದವನಪ್ಪ ನಾನು, ನನಗೇ ಹೀಗಾ?' ಅನ್ನೋ ಗೋಳು. ಸ್ಟೇಡಿಯಂನಲ್ಲಿ ನಲವತ್ತು ಸಾವಿರ ಜನರ ನಡುವೆ ನಿಂತು ಕೇಳಿದರೆ ಅದೇ ಸಾಲು ಎದೆ ಉಬ್ಬಿಸುತ್ತದೆ.

ಆ ಸೆಪ್ಟೆಂಬರ್‌ನಲ್ಲಿ ಅಂಕಣಕಾರ ಜಾರ್ಜ್ ವಿಲ್, ತಾವು ಹೋಗಿ ಬಂದ ಸ್ಪ್ರಿಂಗ್‌ಸ್ಟೀನ್ ಸಂಗೀತ ಕಛೇರಿಯ ಬಗ್ಗೆ, ದೇಶದ ಹುಮ್ಮಸ್ಸಿನ ಗುರುತು ಎಂಬ ಧಾಟಿಯಲ್ಲಿ ಬರೆದರು. ಅದೇ ತಿಂಗಳ 19ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ನ್ಯೂಜೆರ್ಸಿಯ ಹ್ಯಾಮಂಟನ್‌ನಲ್ಲಿ ಭಾಷಣ ಮಾಡುತ್ತಾ, ಈ ರಾಜ್ಯದ ಹುಡುಗ ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶ ಇದೆ ಎಂದರು. ಕೆಲವೇ ದಿನಗಳಲ್ಲಿ ಪಿಟ್ಸ್‌ಬರ್ಗ್ ವೇದಿಕೆಯಲ್ಲಿ ಸ್ಪ್ರಿಂಗ್‌ಸ್ಟೀನ್ ಉತ್ತರ ಕೊಟ್ಟರು. ಅಧ್ಯಕ್ಷರಿಗೆ ನನ್ನ ಯಾವ ಆಲ್ಬಂ ಇಷ್ಟವೋ ಗೊತ್ತಿಲ್ಲ, 'ನೆಬ್ರಾಸ್ಕಾ' ಅಂತೂ ಕೇಳಿರಲಿಕ್ಕಿಲ್ಲ ಎಂಬ ಅರ್ಥದ ಮಾತಾಡಿ, ಕೆಲಸ ಕಳೆದುಕೊಂಡು ಕೊಲೆ ಮಾಡುವವನ ಕಥೆ ಇರುವ 'ಜಾನಿ 99' ಹಾಡಿದರು.

ಈ ಕಥೆಯನ್ನು ಎಲ್ಲರೂ ರೇಗನ್‌ರನ್ನು ಹಾಸ್ಯ ಮಾಡಲಿಕ್ಕೆ ಹೇಳುತ್ತಾರೆ. ನನಗೆ ಅನ್ನಿಸುವುದು ಬೇರೆ. ಆ ಡ್ರಮ್ ಹಾಕಿದ್ದು ರೇಗನ್ ಅಲ್ಲವಲ್ಲ. ಅಂಥ ಡ್ರಮ್ ಹಾಕಿ, ಅಂಥ ಪಲ್ಲವಿ ಇಟ್ಟು, ಆಲ್ಬಂ ಹೊದಿಕೆಯ ಮೇಲೆ ಬಾವುಟದ ಪಟ್ಟೆಗಳನ್ನೂ ಹಾಕಿ, ಆಮೇಲೆ ಜನ ತಪ್ಪು ತಿಳಿದರು ಅಂದರೆ ಹೇಗೆ? ಹಾಡಿಗೆ ಎರಡು ಬಾಗಿಲು ಇಟ್ಟ ಮೇಲೆ ಜನ ಎರಡರಿಂದಲೂ ಒಳಗೆ ಬರುತ್ತಾರೆ. ಇನ್ನೊಂದು ಮಾತು. ಇಂಗ್ಲಿಷ್ ಮಾತೃಭಾಷೆ ಅಲ್ಲದ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು. ನಾವು ಎಷ್ಟೋ ಇಂಗ್ಲಿಷ್ ಹಾಡುಗಳನ್ನು ವರ್ಷಗಟ್ಟಲೆ ಬರೀ ಸದ್ದಾಗಿ ಕೇಳಿದವರು, ಪಲ್ಲವಿಯ ನಾಲ್ಕು ಪದ ಬಿಟ್ಟರೆ ಉಳಿದದ್ದೆಲ್ಲ ಲಾ ಲಾ ಲಾ. ಆ ಭಾಷೆಯಲ್ಲೇ ಹುಟ್ಟಿ ಬೆಳೆದವರೂ ಬಹಳ ಸಲ ಹಾಗೇ ಕೇಳುತ್ತಾರೆ ಅನ್ನೋದು ನನಗೆ ತಡವಾಗಿ ಗೊತ್ತಾಯಿತು.

ಇದು ಸುಮ್ನೆ ಹೇಳುವ ಮಾತಲ್ಲ. 1965ರಲ್ಲಿ ಬ್ಯಾರಿ ಮೆಕ್‌ಗ್ವಾಯರ್ ಹಾಡಿದ 'ಈವ್ ಆಫ್ ಡಿಸ್ಟ್ರಕ್ಷನ್' ಅಮೆರಿಕದ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಯಿತು. ಅಣುಬಾಂಬು, ವರ್ಣಭೇದ, ಕೊಲ್ಲಲಿಕ್ಕೆ ವಯಸ್ಸಾಗಿದೆ ಆದರೆ ಓಟು ಹಾಕಲಿಕ್ಕೆ ಆಗಿಲ್ಲ ಅನ್ನುವ ಹುಡುಗ, ಎಲ್ಲವೂ ಆ ಹಾಡಲ್ಲಿದೆ. ಎಷ್ಟೋ ರೇಡಿಯೋ ಕೇಂದ್ರಗಳು ಅದನ್ನು ಹಾಕಲೇ ಇಲ್ಲ. ಡೆನಿಸಾಫ್ ಮತ್ತು ಲೆವಿನ್ ಎಂಬ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳನ್ನು ಈ ಹಾಡಿನ ಬಗ್ಗೆ ಕೇಳಿದರು. ಅವರ ಲೇಖನ 1971ರಲ್ಲಿ ಅಚ್ಚಾಯಿತು. ಹಾಡು ಏನು ಹೇಳುತ್ತಿದೆ ಅಂತ ಪೂರ್ತಿ ಹಿಡಿದವರು ಅದರಲ್ಲಿ ತೀರಾ ಸ್ವಲ್ಪ ಜನ. ಇಷ್ಟು ನೇರವಾಗಿ, ಹೆಚ್ಚು ಕಮ್ಮಿ ಬೈಗುಳದ ಹಾಗೆ ಬರೆದ ಹಾಡಿಗೇ ಈ ಗತಿ. ಇನ್ನೊಂದು ತಮಾಷೆ ನೋಡಿ. ಈ ಹಾಡು ಮೊದಲ ಸ್ಥಾನದಲ್ಲಿದ್ದದ್ದು 1965ರ ಸೆಪ್ಟೆಂಬರ್‌ನಲ್ಲಿ. ಅರ್ಧ ವರ್ಷ ಕಳೆದು 1966ರ ಮಾರ್ಚ್‌ನಲ್ಲಿ ಅದೇ ಸ್ಥಾನದಲ್ಲಿ ಕೂತಿದ್ದು 'ಬ್ಯಾಲಡ್ ಆಫ್ ದ ಗ್ರೀನ್ ಬೆರೆಟ್ಸ್'. ಸೈನಿಕರನ್ನು ಹೊಗಳಿ ಒಬ್ಬ ಸೈನಿಕನೇ ಹಾಡಿದ್ದು, ಐದು ವಾರ ಇಳಿಯಲೇ ಇಲ್ಲ. ಅಷ್ಟರಲ್ಲಿ ಇಡೀ ದೇಶದ ಮನಸ್ಸು ಬದಲಾಯಿತಾ? ಇಲ್ಲ. ಎರಡೂ ರೆಕಾರ್ಡ್ ಕೊಂಡ ಮನೆಗಳೂ ಇದ್ದಿರಬೇಕು. ಹಾಡು ಹಿಟ್ ಆಯಿತು ಅಂದರೆ ಜನ ಅದರ ಮಾತಿಗೆ ಹೂಂ ಅಂದರು ಅಂತ ಅರ್ಥ ಅಲ್ಲ.

ಹಾಗಾದರೆ ಯುದ್ಧದಲ್ಲೇ ಇದ್ದವರು ಏನು ಕೇಳುತ್ತಿದ್ದರು? ಡಗ್ ಬ್ರಾಡ್ಲಿ ಎಂಬ ವಿಯೆಟ್ನಾಂ ಮಾಜಿ ಸೈನಿಕರು ಮತ್ತು ಪ್ರಾಧ್ಯಾಪಕ ಕ್ರೇಗ್ ವರ್ನರ್ ಸೇರಿ ವರ್ಷಗಟ್ಟಲೆ ಮಾಜಿ ಸೈನಿಕರನ್ನು ಮಾತಾಡಿಸಿ 2015ರಲ್ಲಿ ಒಂದು ಪುಸ್ತಕ ತಂದರು. ಅವರಿಗೆ ಎಲ್ಲಕ್ಕಿಂತ ಹೆಚ್ಚು ಸಲ ಸಿಕ್ಕ ಉತ್ತರ ಯುದ್ಧವಿರೋಧಿ ಹಾಡಲ್ಲ. ಇಂಗ್ಲೆಂಡಿನ ಆನಿಮಲ್ಸ್ ತಂಡ 1965ರಲ್ಲಿ ಹಾಡಿದ 'ವಿ ಗಾಟ್ಟಾ ಗೆಟ್ ಔಟ್ ಆಫ್ ದಿಸ್ ಪ್ಲೇಸ್'. ಇದನ್ನು ಬರೆದವರಿಗೆ ವಿಯೆಟ್ನಾಂ ತಲೆಯಲ್ಲೂ ಇರಲಿಲ್ಲ. ಕೊಳಕು ನಗರದ ಒಂದು ಮೂಲೆಯಲ್ಲಿ ದುಡಿದು ದುಡಿದು ಸಾಯುವ ಅಪ್ಪ, ಇಲ್ಲಿಂದ ಓಡಿಹೋಗೋಣ ಬಾ ಅನ್ನುವ ಪ್ರೇಮಿ, ಇಷ್ಟೇ ಅದರ ಕಥೆ. ಆ ಚರಣ ಸೈನಿಕನಿಗೆ ಬೇಕಾಗಿರಲಿಲ್ಲ. 'ಈ ಜಾಗದಿಂದ ಹೇಗಾದರೂ ಹೊರಟುಹೋಗಬೇಕು' ಅನ್ನುವ ಪಲ್ಲವಿ ಸಾಕಾಯಿತು. ನೋಡಿ, ಇಲ್ಲೂ ಚರಣ ಉದುರಿದೆ. ಆದರೆ ಇದನ್ನು ತಪ್ಪು ತಿಳುವಳಿಕೆ ಅನ್ನಲು ಯಾರಿಗಾದರೂ ಬಾಯಿ ಬರುತ್ತದಾ? 'ಫಾರ್ಚುನೇಟ್ ಸನ್' ಕೂಡ ಸೈನಿಕರಿಗೆ ಇಷ್ಟವಾದದ್ದು ಯಾಕೆ ಅಂದರೆ ಅದರ ಸಿಟ್ಟು ಬಂದೂಕು ಹಿಡಿದವನ ಮೇಲಲ್ಲ, ಹಿಡಿಸಿದವನ ಮೇಲೆ. ಫೋಗರ್ಟಿ ಸ್ವತಃ ಸೇನೆಯ ಮೀಸಲು ಪಡೆಯಲ್ಲಿದ್ದವರು.

ಈಗಿನ ಹುಡುಗರ ಪ್ರತಿಕ್ರಿಯೆ ಮತ್ತೊಂದು ಥರ. ಅದೇ ಹಾಡಿನ ಗಿಟಾರ್ ಕೇಳಿದ ಕೂಡಲೇ ಅವರಿಗೆ ಹೆಲಿಕಾಪ್ಟರ್ ಕಾಣುತ್ತದೆ. ವಿಯೆಟ್ನಾಂ ಕುರಿತ ಸಿನಿಮಾ, ಆಮೇಲೆ ಯುದ್ಧದ ವಿಡಿಯೋ ಗೇಮ್, ಎಲ್ಲ ಕಡೆ ಕಾಡಿನ ಮೇಲೆ ಹೆಲಿಕಾಪ್ಟರ್ ಹಾರುವಾಗ ಇಂಥ ಹಾಡನ್ನೇ ಹಾಕಿ ಹಾಕಿ ಅದು ಯುದ್ಧದ ಸಿಗ್ನೇಚರ್ ಟ್ಯೂನ್ ಆಗಿಬಿಟ್ಟಿದೆ. ಮರಗಳು ವಿಯೆಟ್ನಾಮೀಸ್ ಮಾತಾಡಲು ಶುರು ಮಾಡಿದವು ಅಂತ ಒಂದು ಮೀಮ್ ಕೂಡ ಓಡಾಡುತ್ತದೆ. ಯುದ್ಧದ ವಿರುದ್ಧ ಬರೆದ ಹಾಡು ಯುದ್ಧಕ್ಕೆ ಹುರುಪು ಕೊಡುವ ಹಿನ್ನೆಲೆ ಸಂಗೀತ ಆಗಿದೆ. ನನಗೆ ಪ್ರಚಾರ ಸಭೆಗಿಂತ ಇದೇ ಜಾಸ್ತಿ ಬೇಸರ. ಪ್ರಚಾರ ಸಭೆಗೆ ನೋಟಿಸ್ ಕಳಿಸಬಹುದು, ಮೀಮ್‌ಗೆ ಯಾರ ವಿಳಾಸಕ್ಕೆ ಕಳಿಸುತ್ತೀರಿ?

ಪಲ್ಲವಿಯೇ ಇಲ್ಲದ ಹಾಡು ಇದ್ದರೆ ಏನಾಗುತ್ತದೆ? ಅಂಥದ್ದೊಂದು ಇದೆ.

'ಸ್ಟ್ರೇಂಜ್ ಫ್ರೂಟ್' ಹನ್ನೆರಡು ಸಾಲಿನ ಪದ್ಯ. ಬರೆದವರು ನ್ಯೂಯಾರ್ಕ್‌ನ ಶಾಲಾ ಮೇಷ್ಟ್ರು ಏಬಲ್ ಮೀರೋಪೋಲ್. ದಕ್ಷಿಣದ ರಾಜ್ಯಗಳಲ್ಲಿ ಕರಿಯರನ್ನು ಗುಂಪು ಸೇರಿ ಕೊಂದು ಮರಕ್ಕೆ ನೇತುಹಾಕುತ್ತಿದ್ದರಲ್ಲ, ಆ ಹೆಣಗಳೇ ಈ ಹಾಡಿನ ವಿಚಿತ್ರ ಹಣ್ಣು. ಮೇಷ್ಟ್ರು ನೋಡಿದ ಫೋಟೋ ಮಾತ್ರ ಉತ್ತರದ ಇಂಡಿಯಾನಾ ರಾಜ್ಯದ್ದು, 1930ರದ್ದು. 1939ರಲ್ಲಿ ಬಿಲೀ ಹಾಲಿಡೇ ಇದನ್ನು ನ್ಯೂಯಾರ್ಕ್‌ನ ಕೆಫೆ ಸೊಸೈಟಿ ಎಂಬ ನೈಟ್‌ಕ್ಲಬ್‌ನಲ್ಲಿ ಹಾಡಲು ಶುರು ಮಾಡಿದರು. ಕ್ಲಬ್‌ನ ಯಜಮಾನ ಬಾರ್ನಿ ಜೋಸೆಫ್‌ಸನ್ ಕೆಲವು ನಿಯಮ ಮಾಡಿದ್ದರು. ಇದು ಕೊನೆಯ ಹಾಡು. ವೇಟರ್‌ಗಳು ಸರಬರಾಜು ನಿಲ್ಲಿಸಬೇಕು. ದೀಪವೆಲ್ಲ ಆರಿ, ಅವರ ಮುಖದ ಮೇಲೆ ಮಾತ್ರ ಒಂದು ಚಿಕ್ಕ ಬೆಳಕು. ಹಾಡು ಮುಗಿದ ಮೇಲೆ ಆ ಬೆಳಕೂ ಆರುತ್ತಿತ್ತು. ಮತ್ತೆ ದೀಪ ಹತ್ತಿದಾಗ ವೇದಿಕೆ ಖಾಲಿ, ಎಷ್ಟು ಚಪ್ಪಾಳೆ ಹೊಡೆದರೂ ವಾಪಸ್ ಬರುವುದಿಲ್ಲ. ಮೊದಲ ಸಲ ಹಾಡಿದಾಗ ಚಪ್ಪಾಳೆಯೇ ಬರಲಿಲ್ಲ, ಆಮೇಲೆ ಯಾರೋ ಒಬ್ಬರು ಅಳುಕುತ್ತಾ ಶುರು ಮಾಡಿದರು, ಆಗ ಉಳಿದವರೂ ಹೊಡೆದರು ಅಂತ ಹಾಲಿಡೇ ಆತ್ಮಕಥೆಯಲ್ಲಿ ಇದೆ.

ಆ ಕತ್ತಲೆಯಲ್ಲಿ ಕೂತವರನ್ನು ಊಹಿಸಿ. ಕೈಯಲ್ಲಿ ಗ್ಲಾಸ್ ಇದೆ, ಕುಡಿಯುವ ಹಾಗಿಲ್ಲ ಅನ್ನಿಸುತ್ತದೆ. ಜೊತೆಗೆ ಹಾಡೋಣ ಅಂದರೆ ಮರಳಿ ಬರುವ ಸಾಲೇ ಇಲ್ಲ. ತಾಳ ಹಾಕೋಣ ಅಂದರೆ ತಾಳ ಸಿಗುವಷ್ಟು ವೇಗ ಇಲ್ಲ. ಕೇಳುಗನಿಗೆ ಅಡಗಿಕೊಳ್ಳಲು ಒಂದು ಜಾಗವನ್ನೂ ಬಿಟ್ಟಿಲ್ಲ ಆ ಹಾಡು. ಹಾಲಿಡೇ ಅವರ ಕಾಯಂ ಕಂಪನಿ ಕೊಲಂಬಿಯಾ ಅದನ್ನು ರೆಕಾರ್ಡ್ ಮಾಡಲಿಲ್ಲ. ಕಮೊಡೋರ್ ಎಂಬ ಚಿಕ್ಕ ಕಂಪನಿ ಮಾಡಿತು. ಹಾಗಂತ ಇದನ್ನೂ ಯಾರೂ ತಪ್ಪಾಗಿ ಕೇಳಲಿಲ್ಲ ಅಂದುಕೊಳ್ಳಬೇಡಿ. ಲಾಸ್ ಏಂಜಲಿಸ್‌ನ ಒಂದು ಕ್ಲಬ್‌ನಲ್ಲಿ ಒಬ್ಬ ಹೆಂಗಸು ಬಂದು, ಆ ಮರದಲ್ಲಿ ಬೆತ್ತಲೆ ಮೈಗಳು ತೂಗಾಡುವ ಹಾಡು ಇದೆಯಲ್ಲ ಅದನ್ನು ಹಾಡಿ ಅಂದಳಂತೆ, ಏನೋ ರಸಿಕ ಹಾಡು ಅನ್ನುವ ಧಾಟಿಯಲ್ಲಿ. ಇದನ್ನು ಹಾಲಿಡೇ ಹೇಳಿಕೊಂಡಿದ್ದಾರೆ. ಏನು ಹೇಳಬೇಕೋ ನನಗೆ ತೋಚುವುದಿಲ್ಲ. ಆದರೂ ಒಂದು ನಿಜ. ಯಾವ ಪ್ರಚಾರ ಸಭೆಯೂ, ಯಾವ ಪ್ಯಾಂಟಿನ ಜಾಹೀರಾತೂ ಈ ಹಾಡಿನ ತಂಟೆಗೆ ಬಂದದ್ದು ನಾನು ಕೇಳಿಲ್ಲ.

ಪ್ಯಾಂಟಿನ ಜಾಹೀರಾತು ಅಂದೆ ಅಲ್ವಾ, ಅದು ನಿಜವಾಗಿ ನಡೆದದ್ದು. 2000ದ ಆಸುಪಾಸಿನಲ್ಲಿ ರಾಂಗ್ಲರ್ ಜೀನ್ಸ್ ಜಾಹೀರಾತಿನಲ್ಲಿ 'ಫಾರ್ಚುನೇಟ್ ಸನ್' ಬಳಸಿದರು. ಕೆಲವರು ಬಾವುಟ ಬೀಸಲಿಕ್ಕೇ ಹುಟ್ಟಿರುತ್ತಾರೆ ಅನ್ನುವ ಮೊದಲ ಸಾಲುಗಳಷ್ಟೇ ಇಟ್ಟುಕೊಂಡರು. ಮುಂದಿನ ಸಾಲಿಗೆ ಬಂದರೆ ಅದೇ ಬಾವುಟದವರು ನಮ್ಮ ಕಡೆಗೆ ಫಿರಂಗಿ ತಿರುಗಿಸುತ್ತಾರೆ. ಅಲ್ಲಿಗೆ ಬರುವ ಮುಂಚೆ ಕತ್ತರಿ. ಹಾಡಿನ ಹಕ್ಕು ಆಗ ಫೋಗರ್ಟಿ ಕೈಯಲ್ಲಿ ಇರಲಿಲ್ಲ, ಅವರು ಬೈದರೂ ಏನೂ ಆಗಲಿಲ್ಲ. ತಮ್ಮ ಹಾಡುಗಳ ಪ್ರಕಟಣಾ ಹಕ್ಕಿನ ದೊಡ್ಡ ಪಾಲು ಅವರಿಗೆ ವಾಪಸ್ ಸಿಕ್ಕಿದ್ದು 2023ರಲ್ಲಿ.

ಇನ್ನೂ ನಯವಾದ ಕತ್ತರಿ ಬ್ರಿಟನ್ನಿನಲ್ಲಿ ಆಡಿತು. ಎರಿಕ್ ಬೋಗಲ್ ಎಂಬ ಸ್ಕಾಟ್ಲೆಂಡ್ ಮೂಲದ ಆಸ್ಟ್ರೇಲಿಯಾ ಹಾಡುಗಾರರು 1970ರ ದಶಕದಲ್ಲಿ ಒಂದು ಹಾಡು ಬರೆದರು. ಮೊದಲ ಮಹಾಯುದ್ಧದಲ್ಲಿ ಸತ್ತ ವಿಲ್ಲಿ ಮೆಕ್‌ಬ್ರೈಡ್ ಎಂಬ ಹತ್ತೊಂಬತ್ತರ ಹುಡುಗನ ಸಮಾಧಿಯ ಪಕ್ಕ ಕೂತು, ಬಿಸಿಲಲ್ಲಿ ನಡೆದು ಸುಸ್ತಾದ ಒಬ್ಬ ಅವನ ಜೊತೆ ಮಾತಾಡುತ್ತಾನೆ. ನಿನಗೊಬ್ಬಳು ಹೆಂಡತಿಯೋ ಪ್ರಿಯತಮೆಯೋ ಇದ್ದಳಾ ಅಂತ ಮೆಲ್ಲಗೆ ವಿಚಾರಿಸುತ್ತಾನೆ. ಕೊನೆಗೆ ಬರುವ ಪ್ರಶ್ನೆ ಮಾತ್ರ ಮೆಲ್ಲಗಿಲ್ಲ. ಈ ಯುದ್ಧ ಎಲ್ಲ ಯುದ್ಧಗಳನ್ನು ಮುಗಿಸುತ್ತದೆ ಅಂದರಲ್ಲ, ನೀನು ನಿಜಕ್ಕೂ ನಂಬಿದ್ದೆಯಾ? ಯಾಕೆಂದರೆ ವಿಲ್ಲಿ, ಅದೆಲ್ಲ ಮತ್ತೆ ಮತ್ತೆ ಆಯಿತು. 2014ರಲ್ಲಿ, ಯುದ್ಧ ಶುರುವಾಗಿ ನೂರು ವರ್ಷ ತುಂಬಿದಾಗ, ಮಾಜಿ ಸೈನಿಕರ ನೆರವಿಗೆ ಹಣ ಕೂಡಿಸುವ, ಗಸಗಸೆ ಹೂವಿನ ಹೆಸರಿನ 'ಪಾಪಿ' ಅಭಿಯಾನಕ್ಕಾಗಿ ಜಾಸ್ ಸ್ಟೋನ್ ಈ ಹಾಡನ್ನು ಹಾಡಿದರು. ಸಮಾಧಿ ಇತ್ತು, ಹುಡುಗ ಇದ್ದ, ಕಣ್ಣೀರೂ ಇತ್ತು. ಆ ಪ್ರಶ್ನೆ ಇರಲಿಲ್ಲ. ಹಾಡನ್ನು ಬಲ್ಲವರು ರೊಚ್ಚಿಗೆದ್ದರು. ಆಯೋಜಕರ ಉದ್ದೇಶ ಒಳ್ಳೆಯದೇ, ದುಡ್ಡು ಹೋಗಿದ್ದೂ ಸೈನಿಕರಿಗೇ. ಆದರೂ ಸತ್ತವನನ್ನು ನೆನೆಯಬಹುದು, ಅವನನ್ನು ಪ್ರಶ್ನೆ ಕೇಳುವ ಹಾಗಿಲ್ಲ ಅಂದ ಹಾಗಾಯಿತು.

ಪಲ್ಲವಿಯೇ ಇಲ್ಲದ 'ಸ್ಟ್ರೇಂಜ್ ಫ್ರೂಟ್'ಗೆ ಪೂರ್ತಿ ಉಲ್ಟಾ ಇರುವುದು 'ವಿ ಶಲ್ ಓವರ್‌ಕಮ್'. ಅದು ಬರೀ ಪಲ್ಲವಿ. ಹಿಂದಿಗೂ ಕನ್ನಡಕ್ಕೂ ಬಂದಿದೆ, ಮಕ್ಕಳು ಪ್ರಾರ್ಥನೆಯ ಹಾಗೆ ಹಾಡುತ್ತಾರೆ. ಅದರ ಹಿಂದೆ 1945ರಿಂದ 46ರವರೆಗೆ ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಸಿಗಾರ್ ಕಾರ್ಖಾನೆಯ ಕಪ್ಪು ಹೆಂಗಸರು ನಡೆಸಿದ ಮುಷ್ಕರ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಅಲ್ಲಿಂದ ಅದು ಹೋರಾಟಗಾರರಿಗೆ ತರಬೇತಿ ಕೊಡುತ್ತಿದ್ದ ಟೆನಿಸೀಯ ಹೈಲ್ಯಾಂಡರ್ ಶಾಲೆಗೆ ಬಂತು. 1959ರಲ್ಲಿ ಒಂದು ರಾತ್ರಿ ಆ ಶಾಲೆಯ ಮೇಲೆ ಪೊಲೀಸ್ ದಾಳಿ ಆಯಿತು. ದೀಪ ಆರಿಸಿ, ಕತ್ತಲಲ್ಲಿ ಕೂತ ಹುಡುಗ ಹುಡುಗಿಯರ ಚೀಲಗಳನ್ನು ಹುಡುಕುತ್ತಿದ್ದರು. ಆಗ ಹದಿನಾಲ್ಕರ ಒಬ್ಬ ಹುಡುಗಿ ಅದೇ ರಾಗಕ್ಕೆ ಹೊಸ ಸಾಲು ಸೇರಿಸಿದಳು. 'ನಮಗೆ ಭಯ ಇಲ್ಲ.' ಎಲ್ಲರೂ ಹಿಡಿದುಕೊಂಡರು. ಒಬ್ಬ ಪೊಲೀಸ್ ಅವಳ ಹತ್ತಿರ ಬಂದು, ಹಾಡಲೇಬೇಕು ಅಂದರೆ ಹಾಡು, ಇಷ್ಟು ಜೋರಾಗಿ ಹಾಡಬೇಕಾ ಅಂದ. ಅವನ ಕೈ ನಡುಗುತ್ತಿತ್ತು ಅಂತ ಅವಳು ದೊಡ್ಡವಳಾದ ಮೇಲೆ ನೆನೆಸಿಕೊಂಡಿದ್ದಾಳೆ. ಈ ಹಾಡುಗಳ ಬಗ್ಗೆ ನಾನು ಓದಿದ ಎಲ್ಲ ಪ್ರತಿಕ್ರಿಯೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಈ ಪೊಲೀಸಪ್ಪನದೇ. ಹಾಡಿನ ಅರ್ಥ ಸರಿಯಾಗಿ ಆದದ್ದು ಅವನಿಗೆ.

ಬರೀ ಪಲ್ಲವಿ ಇರುವ ಹಾಡಿನ ಕಷ್ಟ ಏನು ಅಂದರೆ ಅದನ್ನು ಯಾರು ಬೇಕಾದರೂ ಹೇಳಬಹುದು. 1965ರ ಮಾರ್ಚ್ 15ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನದ ಹಕ್ಕಿನ ಮಸೂದೆ ಕುರಿತು ಸಂಸತ್ತಿನಲ್ಲಿ ಮಾತಾಡುತ್ತಾ ಇದೇ ಮೂರು ಪದಗಳನ್ನು ಹೇಳಿದರು. ಟಿವಿ ನೋಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಕಣ್ಣಲ್ಲಿ ನೀರು ಬಂತು ಅಂತ ಜಾನ್ ಲೂಯಿಸ್ ಹೇಳಿದ್ದಾರೆ. ಇವರಿಬ್ಬರ ಹಾಗೆ ಕರಿಯರ ಹಕ್ಕುಗಳ ಚಳವಳಿಯಲ್ಲೇ ಇದ್ದ ಜೇಮ್ಸ್ ಫೋರ್ಮನ್ ಮಾತ್ರ, ಒಂದು ಒಳ್ಳೇ ಹಾಡು ಹಾಳಾಯಿತು ಅಂದರು. ಕಿಂಗ್, ಫೋರ್ಮನ್ ಇಬ್ಬರೂ ಒಂದೇ ಹೋರಾಟದವರು, ಕೇಳಿದ್ದು ಒಂದೇ ಸಾಲು. ನನ್ನ ಓಟು ಕಿಂಗ್ ಅವರಿಗೆ. ಮಸೂದೆ ಕಾಯ್ದೆ ಆಯಿತಲ್ಲ, ಹಾಡು ಹಾಳಾದರೆ ಆಗಲಿ. ಆದರೆ ಫೋರ್ಮನ್ ಅವರ ಹೊಟ್ಟೆಯುರಿ ಏನು ಅಂತಲೂ ತಿಳಿಯುತ್ತದೆ. 'ಇಮ್ಯಾಜಿನ್' ಹಾಡನ್ನು ಟೋಕಿಯೋದಿಂದ ಪ್ಯಾರಿಸ್‌ವರೆಗೆ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಾಡುತ್ತಾರೆ. ದೇಶಗಳೇ ಇಲ್ಲದ ಲೋಕ ಊಹಿಸಿ ಅನ್ನುವ ಹಾಡು, ದೇಶಕ್ಕೊಂದು ಬಾವುಟ ಹಿಡಿದು ಬರುವ ಸಮಾರಂಭದಲ್ಲಿ. ಯಾರಿಗೂ ಮುಜುಗರ ಆದ ಹಾಗಿಲ್ಲ.

ಇತ್ತೀಚಿನ ಜಗಳಕ್ಕೆ ಬರೋಣ. 2023ರ ಸೆಪ್ಟೆಂಬರ್ 23, ಪ್ಯಾರಿಸ್ ಹತ್ತಿರದ ಸ್ಟೇಡಿಯಂ. ರಗ್ಬಿ ವಿಶ್ವಕಪ್‌ನಲ್ಲಿ ಐರ್ಲೆಂಡ್ ತಂಡ ದಕ್ಷಿಣ ಆಫ್ರಿಕಾವನ್ನು 13-8ರಿಂದ ಸೋಲಿಸಿತು. ಸಾವಿರಾರು ಐರಿಷ್ ಅಭಿಮಾನಿಗಳು ಎದ್ದು ನಿಂತು ಕ್ರಾನ್‌ಬೆರೀಸ್ ತಂಡದ 'ಝಾಂಬಿ' ಹಾಡಿದರು. ಇದು 1994ರ ಹಾಡು. 1993ರ ಮಾರ್ಚ್ 20ರಂದು, ಬ್ರಿಟನ್ನಿನ ತಾಯಂದಿರ ದಿನದ ಹಿಂದಿನ ದಿನ, ಇಂಗ್ಲೆಂಡಿನ ವಾರಿಂಗ್ಟನ್ ಪೇಟೆಯ ಕಸದ ಡಬ್ಬಿಗಳಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಐರಿಷ್ ಗುಂಪು ಐಆರ್‌ಎ ಇಟ್ಟ ಬಾಂಬುಗಳಿಗೆ ಮೂರು ವರ್ಷದ ಒಂದು ಮಗು, ಹನ್ನೆರಡರ ಒಬ್ಬ ಹುಡುಗ ಬಲಿಯಾದರು. ಐರ್ಲೆಂಡಿನ ಲಿಮರಿಕ್‌ನ ಡೊಲೋರೆಸ್ ಓರಿಯೋರ್ಡನ್ ಸಿಟ್ಟಿನಿಂದ ಬರೆದರು. ಪಂದ್ಯದ ಮರುದಿನವೇ ಜಗಳ ಶುರು. ಒಂದು ಕಡೆಯವರು, ಇದು ಹಿಂಸೆಯನ್ನು ತೊಲಗಿಸು ಅನ್ನುವ ಹಾಡು, ಈಗಿನ ಐರ್ಲೆಂಡಿನ ಹಾಡು ಅಂದರು. ಇನ್ನೊಂದು ಕಡೆಯವರು, ಅದರಲ್ಲೂ ಉತ್ತರ ಐರ್ಲೆಂಡಿನಲ್ಲಿ ಆ ವರ್ಷಗಳನ್ನು ಕಂಡವರು, ಬ್ರಿಟಿಷ್ ಸೈನ್ಯ ಕೊಂದವರ ಬಗ್ಗೆ ಈ ಹಾಡಲ್ಲಿ ಒಂದು ಮಾತಾದರೂ ಇದೆಯಾ ಅಂತ ಕೇಳಿದರು. ಮೂರನೆಯವರು, ಅಯ್ಯೋ ಬಿಡಿ, ಕೂಗಲಿಕ್ಕೆ ಚೆನ್ನಾಗಿದೆ ಅಷ್ಟೇ ಅಂದರು. ಕೊನೆಯವರೇ ಬಹುಮತ ಅಂತ ನನ್ನ ಅಂದಾಜು.

ಆದರೆ ಈ ಜಗಳದಲ್ಲಿ ಒಂದು ವಿಷಯ ನನ್ನನ್ನು ಕೆಣಕಿತು. ಆ ಹಾಡಿನ ಚರಣದಲ್ಲೂ ಒಂದು 'ನಾನಲ್ಲ' ಇದೆ. ಇದು ಮಾಡಿದ್ದು ನಾನಲ್ಲ, ನನ್ನ ಮನೆಯವರಲ್ಲ ಅನ್ನುವ ಅರ್ಥದ ಸಾಲು. ಓರಿಯೋರ್ಡನ್ ಬಾಯಲ್ಲಿ ಅದು, ನನ್ನ ಹೆಸರಲ್ಲಿ ಕೊಲ್ಲಬೇಡಿ ಅನ್ನುವ ಮಾತು. ಗಡಿಯ ಆ ಕಡೆ ಬೆಳೆದವರ ಕಿವಿಗೆ ಅದೇ ಸಾಲು, ನಮಗೇನು ಸಂಬಂಧ, ಅದು ನಿಮ್ಮ ತಾಪತ್ರಯ ಅಂತ ಕೈ ತೊಳೆದುಕೊಂಡ ಹಾಗೆ ಕೇಳಿಸಿತು. ಇದು ಚರಣ ಕೇಳದೆ ಹುಟ್ಟಿದ ಜಗಳ ಅಲ್ಲ, ತುಂಬ ಹತ್ತಿರದಿಂದ ಕೇಳಿ ಹುಟ್ಟಿದ್ದು. ಅಷ್ಟರ ಮಟ್ಟಿಗೆ ನನ್ನ ವಾದಕ್ಕೆ ಇಲ್ಲಿ ಪೆಟ್ಟು ಬಿದ್ದಿದೆ, ಒಪ್ಪುತ್ತೇನೆ.

ರೇಡಿಯೋ ಕಚೇರಿಗಳ ಕಥೆ ಬೇಗ ಹೇಳಿ ಮುಗಿಸುತ್ತೇನೆ. 1991ರ ಕೊಲ್ಲಿ ಯುದ್ಧದ ಸಮಯದಲ್ಲಿ ಬಿಬಿಸಿ ಹಾಕಬಾರದ ಹಾಡುಗಳ ಪಟ್ಟಿ ಮಾಡಿತ್ತು. ಅದರಲ್ಲಿ 'ಬೂಮ್ ಬ್ಯಾಂಗ್ ಎ ಬ್ಯಾಂಗ್' ಎಂಬ ಒಂದು ಮುಗ್ಧ ಪ್ರೇಮಗೀತೆಯೂ ಇತ್ತು, ಹೆಸರಲ್ಲಿ ಬಾಂಬು ಸಿಡಿದ ಸದ್ದು ಇದೆ ಅಂತ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕ್ಲಿಯರ್ ಚಾನೆಲ್ ಕಂಪನಿಯ ರೇಡಿಯೋಗಳಲ್ಲಿ ಓಡಾಡಿದ ಪಟ್ಟಿಯಲ್ಲಿ 'ಇಮ್ಯಾಜಿನ್' ಇತ್ತು, ಎಡ್ವಿನ್ ಸ್ಟಾರ್ ಅವರ 'ವಾರ್' ಇತ್ತು. ಹಾಡಿನಿಂದ ಏನೂ ಆಗಲ್ಲ ಅನ್ನೋರು ಈ ಪಟ್ಟಿ ಮಾಡಿದವರನ್ನು ಒಂದು ಸಲ ಕೇಳಬೇಕು.

ಇನ್ನು ಎಲ್ಲ ಕಡೆ ಕಾಣುವ ಪ್ರತಿಕ್ರಿಯೆ ಒಂದಿದೆ. "ಅರ್ಧ ಶತಮಾನದ ಹಿಂದೆ ಬರೆದದ್ದು, ಇವತ್ತಿಗೂ ಹೊಂದುತ್ತೆ, ಏನೂ ಬದಲಾಗಿಲ್ಲ." ಉಕ್ರೇನ್ ಆಗಲಿ ಗಾಜಾ ಆಗಲಿ, ಯುದ್ಧದ ಸುದ್ದಿ ಬಂದಾಗೆಲ್ಲ ಜನ ಹಳೇ ಹಾಡು ಹುಡುಕಿಕೊಂಡು ಹೋಗಿ ಹೀಗೆ ಹೇಳುತ್ತಾರೆ. ಹೇಳುವವರ ಸಂಕಟ ನಿಜ. ಆದರೂ ಈ ಮಾತು ನನಗೆ ಪೂರ್ತಿ ಇಳಿಯುವುದಿಲ್ಲ. ಎಲ್ಲ ಯುದ್ಧಕ್ಕೂ ಹೊಂದುವ ಹಾಡು ಯಾವ ಯುದ್ಧಕ್ಕೂ ಹೆಸರು ಹಿಡಿದು ಬೈಯುವುದಿಲ್ಲ.

ನೀಲ್ ಯಂಗ್ ಬರೆದ 'ಒಹಾಯೊ' ನೋಡಿ. 1970ರ ಮೇ 4ರಂದು ಒಹಾಯೊ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧವಿರೋಧಿ ಪ್ರತಿಭಟನೆಯ ಮೇಲೆ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡಿನಲ್ಲಿ 67 ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು. ಅದೇ ತಿಂಗಳು ಹಾಡು ರೆಕಾರ್ಡ್ ಆಗಿ ಜೂನ್‌ನಲ್ಲಿ ಹೊರಗೆ ಬಂತು. ಅದರಲ್ಲಿ ಅಧ್ಯಕ್ಷ ನಿಕ್ಸನ್ ಹೆಸರಿದೆ. ಇಲ್ಲಿ ಪಲ್ಲವಿಯೇ ಹೆಣ ಎಣಿಸುತ್ತದೆ, ನಾಲ್ಕು, ನಾಲ್ಕು, ನಾಲ್ಕು ಅಂತ. ಕೆಲವು ರೇಡಿಯೋಗಳು ಹಾಕಲಿಲ್ಲ. ಆಗಿನ ಗ್ಯಾಲಪ್ ಸಮೀಕ್ಷೆಯಲ್ಲಿ 58 ಶೇಕಡಾ ಜನ ತಪ್ಪು ವಿದ್ಯಾರ್ಥಿಗಳದೇ ಅಂದಿದ್ದರು, ಸೈನಿಕರದು ಅಂದವರು 11 ಶೇಕಡಾ. ಅಂಥ ಗಾಳಿಯಲ್ಲೂ ಅದು ಪಟ್ಟಿಯಲ್ಲಿ 14ರವರೆಗೆ ಏರಿತು. ಇವತ್ತು ಇದನ್ನು ಕೇಳುವವರಿಗೆ ನಿಕ್ಸನ್ ಯಾರು, ಒಹಾಯೊ ಎಲ್ಲಿ ಅಂತ ಹುಡುಕಬೇಕಾಗುತ್ತದೆ. ಹುಡುಕಲಿ ಬಿಡಿ. ಹಾಗೆ ಹುಡುಕಿಸುವ ಹಾಡೇ ನನಗೆ ಬೇಕು.

ಹಾಗಂತ ಹಳೇ ಹಾಡಿಗೆ ಹೊಸ ಜಾಗ ಸಿಗಲೇಬಾರದು ಅಂತಲ್ಲ. ಚಿಲಿಯ ವಿಕ್ಟರ್ ಹಾರಾ 1971ರಲ್ಲಿ 'ಎಲ್ ದೆರೆಚೊ ದೆ ವಿವಿರ್ ಎನ್ ಪಾಸ್' ಹಾಡಿದರು. ಶಾಂತಿಯಿಂದ ಬದುಕುವ ಹಕ್ಕು ಅಂತ ಅರ್ಥ. ವಿಯೆಟ್ನಾಂ ಜನರಿಗಾಗಿ ಬರೆದದ್ದು, ಹೋ ಚಿ ಮಿನ್ ಹೆಸರೂ ಇದೆ. 1973ರ ಸೆಪ್ಟೆಂಬರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಕೆಲವೇ ದಿನಗಳಲ್ಲಿ ಹಾರಾ ಅವರನ್ನು ಸ್ಯಾಂಟಿಯಾಗೋದ ಒಂದು ಕ್ರೀಡಾಂಗಣದಲ್ಲಿ ಹಿಂಸಿಸಿ ಕೊಂದರು. 2019ರ ಅಕ್ಟೋಬರ್‌ನಲ್ಲಿ ಮೆಟ್ರೋ ದರ 30 ಪೆಸೊ ಏರಿದ್ದಕ್ಕೆ ಹತ್ತಿದ ಕಿಡಿ ದೊಡ್ಡದಾಗಿ, ಬೀದಿಗೆ ಸೈನ್ಯ ಬಂತು, ಕರ್ಫ್ಯೂ ಬಂತು. ನಾವು ಬಲಿಷ್ಠ ಶತ್ರುವಿನ ಜೊತೆ ಯುದ್ಧದಲ್ಲಿದ್ದೇವೆ ಅಂತ ಅಧ್ಯಕ್ಷ ಪಿನ್ಯೆರಾ ಹೇಳಿದರು. ಕರ್ಫ್ಯೂ ರಾತ್ರಿಯಲ್ಲಿ ಒಬ್ಬ ಒಪೆರಾ ಗಾಯಕಿ ತನ್ನ ಮನೆಯ ಕಿಟಕಿಯಲ್ಲಿ ನಿಂತು ಈ ಹಾಡು ಹಾಡಿದಳು. ಕೆಳಗೆ ಖಾಲಿ ರಸ್ತೆ. ಮುಗಿದಾಗ ಕತ್ತಲೆಯ ಬೇರೆ ಬೇರೆ ಕಿಟಕಿಗಳಿಂದ ಕೂಗು, ಚಪ್ಪಾಳೆ. ಆಮೇಲೆ ಚಿಲಿಯ ಕಲಾವಿದರು ಸೇರಿ ಮಾಡಿದ ಹೊಸ ರೂಪದಲ್ಲಿ ಚರಣಗಳನ್ನು ಬದಲಾಯಿಸಿದರು, ವಿಯೆಟ್ನಾಂ ಹೋಗಿ ಚಿಲಿ ಬಂತು. ಇದೂ ಚರಣ ತೆಗೆದದ್ದೇ. ಆದರೆ ತೆಗೆದ ಜಾಗವನ್ನು ಖಾಲಿ ಬಿಡಲಿಲ್ಲ.

ಸ್ಪ್ರಿಂಗ್‌ಸ್ಟೀನ್ ಹಾಡಿನ ಇನ್ನೊಂದು ರೂಪ ಇದೆ. 1982ರ ಜನವರಿಯಲ್ಲಿ ಅವರು ನ್ಯೂಜೆರ್ಸಿಯ ಮನೆಯಲ್ಲಿ ಒಂದು ಕ್ಯಾಸೆಟ್ ರೆಕಾರ್ಡರ್ ಮುಂದೆ ಒಬ್ಬರೇ ಕೂತು ಗಿಟಾರ್ ಹಿಡಿದು ಹಾಡಿದ್ದು. 1998ರಲ್ಲಿ ಹೊರಗೆ ಬಂತು. ಸಾಹಿತ್ಯ ಸ್ವಲ್ಪ ಬೇರೆ, ಕಥೆ ಅದೇ, ಪಲ್ಲವಿಯೂ ಅದೇ. ಕಹಳೆ ಇಲ್ಲ, ಗುದ್ದು ಇಲ್ಲ. ಮೊನ್ನೆ ಅದನ್ನು ನನ್ನ ಗೆಳೆಯನೊಬ್ಬನಿಗೆ ಕೇಳಿಸಿದೆ. ದೊಡ್ಡ ರೂಪವನ್ನು ಇಪ್ಪತ್ತು ವರ್ಷದಿಂದ ಜಿಮ್‌ನಲ್ಲಿ ಕೇಳುವವನು ಅವನು. ಹೆಡ್‌ಫೋನ್ ಹಾಕಿಕೊಂಡು ಮೊದಲು ತಲೆ ಆಡಿಸಿದ, ಅಭ್ಯಾಸಬಲ. ಎರಡನೇ ಚರಣಕ್ಕೆ ತಲೆ ನಿಂತಿತು. ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ಕೇಳಿದ, "ಡ್ರಮ್ ಯಾವಾಗ ಬರುತ್ತೆ?" ಬರಲ್ಲ ಅಂದೆ. ಮತ್ತೆ ಹಾಕಿಕೊಂಡ.